ಖಾಲಿ ಕೋಣೆಯ ಪಾಠ

ಆಗ ನನಗೆ ಒಂಬತ್ತು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಸುರೇಬಾನದ ಹತ್ತಿರದ ನಮ್ಮೂರ ಶಾಲೆಗೆ ಆ ಕಾಲದಲ್ಲಿ ಒಂದೇ ಕೋಣೆ, ಒಂದರಿಂದ ನಾಲ್ಕನೇ ಇಯತ್ತೆ, ಒಬ್ಬರೇ ಮಾಸ್ತರು. ಹುಡುಗರು ಅರವತ್ತು. ಬೆವರು, ಎಣ್ಣೆತಲೆ, ಒದ್ದೆ ಪಾಟಿ-ಬಳಪದ ವಾಸನೆ. ಮಾಸ್ತರು ಇಡೀ ದಿನ ಒದರುತ್ತಿದ್ದರು. ಬಾಗಿಲ ಬದಿಗೆ ಕೂರುವ ನಮ್ಮಂಥ ಹುಡುಗಿಯರವರೆಗೆ ಪಾಠ ಬರುತ್ತಿರಲಿಲ್ಲ, ಬೆತ್ತ ಮಾತ್ರ ಬರುತ್ತಿತ್ತು.

ಒಂದು ದಿನ ಅವ್ವ ರೊಟ್ಟಿ ಬಡಿಯುತ್ತಾ ಅಂದಳು: "ಎರಡ ವರ್ಷ ಆತು, ನಿನಗ ಹೆಸರ ಬರ್ಯಾಕ ಬರೂದಿಲ್ಲ. ಅಮಾಸಿ ಒಳಗ ಬರೀಲಿಲ್ಲಂದ್ರ ಪಾಟಿ ಅಟ್ಟಕ್ಕ, ನೀ ಎಮ್ಮಿ ಹಿಂದ."

ಅಮಾವಾಸ್ಯೆಗೆ ಎರಡೇ ದಿನ ಇತ್ತು. ನನಗೆ ಎಮ್ಮೆ ಕಂಡರೆ ಆಗುತ್ತಿರಲಿಲ್ಲ.

ಅದೇ ದಿನ ಪಾಟಿಯನ್ನು ಶಾಲೆಯಲ್ಲಿ ಮರೆತು ಬಂದೆ. ಕುಂಟಾಟ ಆಡಿ, ಹೊತ್ತು ಮುಳುಗುವಾಗ ನೆನಪಾಗಿ ಓಡಿದೆ. ಒಳಗೆ ಮಾಸ್ತರ ದನಿ. ಅಂಥ ಮೆತ್ತನೆ ದನಿ ಅವರಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಕಿಟಕಿಯಿಂದ ಇಣುಕಿದೆ. ಒಂದು ನರಪಿಳ್ಳೆಯೂ ಇಲ್ಲ. ಮಾಸ್ತರು ಖಾಲಿ ನೆಲಕ್ಕೆ ಪಾಠ ಹೇಳುತ್ತಿದ್ದರು. ಪ್ರಶ್ನೆ ಕೇಳುವರು, ಉತ್ತರಕ್ಕೆ ಕಾಯುವರು, ತಲೆಯಾಡಿಸಿ ನಗುವರು.

ಆಮೇಲೆ ಬಾಗಿಲ ಬದಿಗೆ ತಿರುಗಿದರು. ಅಲ್ಲಿ ನನ್ನ ಪಾಟಿ ಬಿದ್ದಿತ್ತು.

"ಗಂಗವ್ವಾ, ಹೆದರಬ್ಯಾಡವಾ. ನಿನ್ನ ಹೆಸರ ಬರಿ ನೋಡೂಣು."

ಗಂಗವ್ವ ನಾನೇ. ನಾನು ಹೊರಗಿದ್ದೆ. ಅವರು ನನ್ನನ್ನು ನೋಡಿರಲಿಲ್ಲ.

"ತಪ್ಪೇತಿ. ಇರ್ಲಿ, ಇಲ್ಲಿ ನೋಡು," ಅಂದು ಬೋರ್ಡಿನ ಮೇಲೆ ಸಾವಕಾಶ ಒಂದೊಂದೇ ಅಕ್ಷರ ಬರೆದರು. ನಾನೂ ಕಿಟಕಿಕಟ್ಟೆಯ ಧೂಳಿನಲ್ಲಿ ಬೆರಳಾಡಿಸಿದೆ. ಬಂತು. ಅದೇ ಗಳಿಗೆಗೆ ಅವರು ಆ ಖಾಲಿ ಜಾಗಕ್ಕೆ ಅಂದರು: "ಶಾಣ್ಯಾ ಅದಿ! ಬಂತಲ್ಲ!"

ಪಾಟಿ ಬಿಟ್ಟು ಓಡಿದೆ. ಮನೆಯಲ್ಲಿ ಒಲೆಯ ಬೂದಿಯಲ್ಲಿ ಹೆಸರು ಬರೆದೆ. ಅಪ್ಪನಿಗೆ ಅಷ್ಟು ಓದು ಬರುತ್ತಿತ್ತು. ಬಗ್ಗಿ ನೋಡಿ "ಬರೋಬರಿ ಐತಿ" ಅಂದ.

"ಯಾರ ಕಲಿಸಿದ್ರು?" ಅವ್ವ ಕೇಳಿದಳು.

"ಮಾಸ್ತರ್ರು. ಖಾಲಿ ಸಾಲ್ಯಾಗ ನನ್ನ ಹೆಸರ ಕರದು ಕಲಿಸಾಕ ಹತ್ತಿದ್ರು. ನಾ ಒಳಗ ಇರಲಿಲ್ಲಬೇ."

ಅವ್ವ ಬಾಗಿಲ ಕಡೆ ನೋಡಿ ಅಂದಳು: "ಬಾಯಿ ಮುಚ್ಚು. ಸಾಲಿಗೆ ಹೋಗು. ಇದನ್ನ ಯಾರ ಮುಂದೂ ಹೇಳಬ್ಯಾಡ."

ಈಗ ಮೊಮ್ಮಗಳ ಶಾಲೆಯಲ್ಲಿ ಇಯತ್ತೆಗೊಂದು ಕೋಣೆ. ನಮ್ಮ ಮಾಸ್ತರಿಗೆ ಹತ್ತೇ ಹುಡುಗರು ಇದ್ದಿದ್ದರೆ, ಇದಿಷ್ಟು ಬರೆಯಲು ನನಗೆ ನಾಲ್ಕು ದಿನ ಹಿಡಿಯುತ್ತಿರಲಿಲ್ಲ. ವರ್ಷದೊಳಗೆ ಅವರಿಗೆ ವರ್ಗವಾಯಿತು, ನಾನು ಎಮ್ಮೆ ಹಿಂದೆ ಹೋದೆ. ಆ ಮೆತ್ತನೆ ದನಿಯನ್ನು ಮತ್ತೆ ಕೇಳಲಿಲ್ಲ.

ಅವತ್ತಿನ ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋದೆ. ಪಾಟಿ ಅಲ್ಲೇ ಇತ್ತು. ನನ್ನ ಜಾಗದಲ್ಲಿ ಕೂತು, ಸ್ವಲ್ಪ ಅತ್ತ ಸರಿದು, ಆ ಇನ್ನೊಬ್ಬ ಗಂಗವ್ವನಿಗೆ ಜಾಗ ಬಿಟ್ಟೆ.