ಮೂಗಿನ ನಳಿ, ತವರಿನ ನೀರು

ಎಪ್ಪತ್ತರ ದಶಕದ ಒಂದು ಬೇಸಿಗೆ. ಅವ್ವ ಹಿತ್ತಲಲ್ಲಿ ಜಾರಿ ಬಿದ್ದು, ತಲೆಗೆ ಪೆಟ್ಟಾಗಿ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ಕೂಗಿದರೆ ಓಗೊಡುತ್ತಿರಲಿಲ್ಲ. ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಕ್ರೈಸ್ತ ಸನ್ಯಾಸಿನಿಯನ್ನು ನಾವೆಲ್ಲ ಸಿಸ್ಟರಮ್ಮ ಅನ್ನುತ್ತಿದ್ದೆವು. ಅವ್ವನ ಮೂಗಿಗೆ ಇಳಿಸಿದ್ದ ನಳಿಯಲ್ಲಿ ಅವರು ಹೊತ್ತು ಹೊತ್ತಿಗೆ ತೆಳ್ಳನೆಯ ರಾಗಿ ಗಂಜಿ ಬಿಡುತ್ತಿದ್ದರು.

ವಾರಗಳು ಕಳೆದವು. ಒಂದು ದಿನ ಅವ್ವನ ತವರು ತುರುವನೂರಿನಿಂದ ಸೋದರಮಾವ ಬಂದ. ಕೈಯಲ್ಲಿದ್ದ ನೀರು ತುಂಬಿದ ಹಿತ್ತಾಳೆ ತಂಬಿಗೆ ನೋಡಿದ್ದೇ ಅವನು ಬಂದದ್ದೇಕೆಂದು ನನಗೆ ತಿಳಿಯಿತು. ನಮ್ಮ ಮನೆತನದಲ್ಲಿ ಹೆಣ್ಣುಮಗಳ ಕೊನೆಯ ಗುಟುಕು ತವರಿನ ಬಾವಿಯದೇ ಆಗಬೇಕು, ಅದೂ ಒಡಹುಟ್ಟಿದವನ ಕೈಯಿಂದ.

"ಮೂಗಿನಾಗೆ ಉಣ್ಣೋದೂ ಒಂದು ಊಟ ಏನವ್ವಾ? ಆ ನಳಿ ತೆಗ್ಸು. ಬಾಯಿಗೆ ನೀರು ಬಿಟ್ಟು ಮನಿಗೆ ಕರ್ಕಂಡು ಹೋಗಾಣ" ಎಂದು ನನಗೆ ಹೇಳಿದ.

"ನಿನ್ನ ತಂಬಿಗೆಗೆ ಬೆಂಕಿ ಬೀಳ! ಅವ್ವ ಉಸಿರಾಡ್ತಾ ಐದಾಳೆ, ಕಾಣಲ್ವಾ ಮಾವ?" ಎಂದು ಕಿರುಚಿದೆ. ನನಗೆ ಮೊದಲಿಂದಲೂ ಕೋಪ ಜಾಸ್ತಿ.

ಸಿಸ್ಟರಮ್ಮ ಓಡಿಬಂದು ಮಾವನ ಕೈ ಹಿಡಿದರು. "ಬಾಯಿಗೆ ಬಿಟ್ರೆ ನೀರು ಉಸಿರಿನ ದಾರಿಗೆ ಹೋಗುತ್ತೆ ಅಣ್ಣಾ. ಇವರು ಸಾಯ್ತಾ ಇಲ್ಲ, ಎಚ್ಚರ ಇಲ್ಲ ಅಷ್ಟೇ."

"ಎಚ್ಚರಾನೇ ಆಗದಿದ್ರೆ?"

"ಆಗದಿದ್ರೂ ಊಟ ಕೊಡ್ತೀವಿ. ಎದ್ದು ಕೂತವರಿಗೆ ಮಾತ್ರ ಅನ್ನ ಅಂತ ನಮ್ಮ ಧರ್ಮ ಹೇಳಲ್ಲ. ಇವರ ಮೈ ಒಲ್ಲೆ ಅಂದ ದಿನ, ಹಾಕೋದೇ ಹಿಂಸೆ ಆದ ದಿನ, ನಾನೇ ನಿಲ್ಲಿಸ್ತೀನಿ. ಆ ದಿನ ಇನ್ನೂ ಬಂದಿಲ್ಲ."

ಆಮೇಲೆ ತಂಬಿಗೆ ಇಸಿದುಕೊಂಡು ಹೋಗಿ, ಆ ನೀರಿನಲ್ಲೇ ಗಂಜಿ ಕಾಸಿ, ಆರಿಸಿ, ಸೋಸಿ ತಂದರು. ಮಾವನ ಕೈಯಿಂದಲೇ ನಳಿಗೆ ಬಿಡಿಸಿದರು. ಕೊನೆಯ ಗುಟುಕೆಂದು ತಂದದ್ದು ಅವ್ವನ ಮಧ್ಯಾಹ್ನದ ಊಟವಾಯಿತು. "ಉಣ್ಣು ತಾಯಿ" ಎನ್ನುತ್ತ ಮಾವ ಗಳಗಳ ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ.

ಅಂದಿನಿಂದ ಮಾವ ದಿನಾ ಮೊದಲ ಬಸ್ಸಿಗೇ ಹಾಜರು. ಗಂಜಿ ತೀರಾ ನೀರಾಯಿತೆಂದು ಸಿಸ್ಟರಮ್ಮನನ್ನೇ ಗದರುತ್ತಿದ್ದ, ಮಹಾರಾಯ.

ಒಂದು ಬೆಳಿಗ್ಗೆ ಸಿಸ್ಟರಮ್ಮ ನಳಿ ತೆಗೆಯಲು ಬಂದರೆ ಮಾವ ಮಂಚಕ್ಕೆ ಅಡ್ಡ ನಿಂತ. "ತೆಗೀಬ್ಯಾಡ್ರಿ, ಕೈ ಮುಗೀತೀನಿ! ನನ್ ತಂಗಿ ಉಪಾಸ ಬೀಳ್ತಾಳೆ!"

ಅವರು ನಗುತ್ತ ಚಮಚ ತೋರಿಸಿದರು. ಹಿಂದಿನ ರಾತ್ರಿ ಅವ್ವ ಕಣ್ಣು ಬಿಟ್ಟು, ಡಾಕ್ಟರು ತುಟಿಗೆ ಹಚ್ಚಿದ ನೀರಿನ ಹನಿಯನ್ನು ನುಂಗಿದ್ದಳಂತೆ. ನಳಿ ತೆಗೆದು, ಅವ್ವನನ್ನು ಒರಗಿಸಿ ಕೂರಿಸಿ, ಚಮಚವನ್ನು ಮಾವನಿಗೇ ಕೊಟ್ಟರು. ಅವನ ಅವಸರಕ್ಕೆ ಅರ್ಧ ಗಂಜಿ ಅವ್ವನ ಗಲ್ಲದ ಮೇಲೆ ಚೆಲ್ಲಿತು. ಉಳಿದರ್ಧವನ್ನು ಅವ್ವ ನಿಧಾನವಾಗಿ ನುಂಗಿದಳು. ಅಣ್ಣನ ಮುಖವನ್ನೇ ನೋಡುತ್ತ, ತಾನಾಗಿ ಮತ್ತೆ ಬಾಯಿ ತೆರೆದಳು.