ಹಿಮ ಕರಗುವ ಮೊದಲು ಹೂಳಬೇಕು

ಬೆಳಕಿನ್ನೂ ಗುಡ್ಡದ ಆಚೆಯೇ ಇದೆ. ಖಾಂದ್ಸುರೆನ್ ಎಂಬ ಹೆಂಗಸು ಹಾರೆಯ ತುದಿಯನ್ನು ಸತ್ತ ಹಸುವಿನ ಪಕ್ಕೆಯಡಿ ತೂರಿಸಿ, ಮೈಭಾರವನ್ನೆಲ್ಲ ಹಾಕಿ ಮೀಟುತ್ತಾರೆ. ಹೆಪ್ಪುಗಟ್ಟಿದ ಚರ್ಮ ನೆಲ ಬಿಡುವಾಗ ದಪ್ಪ ಬಟ್ಟೆ ಹರಿದಂಥ ಸದ್ದು. ಕಾಲಿಗೆ ಹಗ್ಗ ಬಿಗಿದು ಕೈ ಎತ್ತಿದರೆ, ಚಾಲಕ ಗೊಂಬೊ ಲಾರಿಯ ರಾಟೆ ತಿರುಗಿಸುತ್ತಾರೆ. ಹಸು ಜಾರುತ್ತ ಮೇಲೇರುತ್ತದೆ. ಅದರ ಮಗ್ಗುಲಲ್ಲಿ ಕರು ಬಿದ್ದಿದೆ. ಅದಕ್ಕೆ ಹಗ್ಗವಿಲ್ಲ; ಖಾಂದ್ಸುರೆನ್ ತೋಳಲ್ಲೇ ಎತ್ತಿಕೊಂಡು ಹೋಗುತ್ತಾರೆ.

“ಹಗುರ ಇರುತ್ತೆ. ಇದಕ್ಕೂ ಯಂತ್ರ ಯಾಕೆ?” ಎನ್ನುತ್ತಾರೆ, ಲಾರಿಯಲ್ಲಿ ಜೊತೆಗೆ ಬಂದಿರುವ ನನ್ನತ್ತ ನೋಡದೆ.

ಈ ಚಳಿಗಾಲ ನಮ್ಮ ಕಣಿವೆಗೆ ಮತ್ತೆ ಝುದ್, ಮಂದೆಗಳನ್ನೇ ಕೊಲ್ಲುವ ಹಿಮದ ಬರ, ಬಡಿದಿದೆ. ಮೊದಲು ಮಳೆ ಬಂದು ಹುಲ್ಲಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತು, ಅದರ ಮೇಲೆ ಹಿಮ ಬಿತ್ತು. ಗೊರಸಿನಿಂದ ಕೆರೆದು ಕೆರೆದು ಸೋತ ದನ, ಕುರಿ, ಕುದುರೆಗಳು ನಿಂತಲ್ಲೇ ಕುಸಿದವು. ಹಿಮ ಕರಗುವುದರೊಳಗೆ ಅವನ್ನೆಲ್ಲ ಗುಡ್ಡದ ಮೇಲಿನ ಗುಂಡಿಗೆ ಸಾಗಿಸಬೇಕು. ಇಲ್ಲದಿದ್ದರೆ ಕೊಳೆತದ್ದು ಹೊಳೆಗೆ ಇಳಿಯುತ್ತದೆ. ಕೆಳಗಿನ ಊರೆಲ್ಲ ಕುಡಿಯುವುದು ಅದೇ ನೀರು. ದಿನಕ್ಕೆ ಎರಡು ಲಾರಿ, ಕೆಟ್ಟ ದಿನವಾದರೆ ಮೂರು.

ಖಾಂದ್ಸುರೆನ್ ಕೂಡ ಒಂದು ಕಾಲಕ್ಕೆ ಮಂದೆ ಇದ್ದವರು. ಹಿಂದಿನ ಝುದ್‌ನಲ್ಲಿ ಅದಷ್ಟೂ ಹೋಯಿತು. ಗಂಡ ರಾಜಧಾನಿಗೆ ಕಲ್ಲಿದ್ದಲು ಹೊರಲು ಹೋಗಿ, ಎದೆ ಕೆಟ್ಟು, ವಾಪಸು ಬರಲಿಲ್ಲ. ಯಾರೂ ಒಪ್ಪದ ಈ ಕೆಲಸವನ್ನು ಅವರು ಒಪ್ಪಿಕೊಂಡರು. ಅಂದಿನಿಂದ ದನಗಾಹಿಗಳು ಅವರನ್ನು ಗುಡಾರದ ಒಳಗೆ ಕರೆಯುವುದಿಲ್ಲ. ಉಪ್ಪು ಚಹಾ ಲಾರಿಯ ಬಳಿಗೇ ಬರುತ್ತದೆ.

“ನಮ್ಮ ಲಾರಿ ಬಂದ್ರೆ ಹಿಂದೇನೇ ಸಾವು ಬರುತ್ತೆ ಅಂತಾರೆ. ನಾವು ಯಾವತ್ತೂ ಅದರ ಹಿಂದೆ ಬಂದೋರು,” ಎನ್ನುತ್ತಾರೆ ಖಾಂದ್ಸುರೆನ್.

ಹೆಚ್ಚು ಮಾತಾಡದ ಗೊಂಬೊ ಹೇಳಿದ್ದರಿಂದ ನನಗೆ ಲುವ್ಸಾನ್ ಸಂಗತಿ ತಿಳಿಯಿತು. ಲುವ್ಸಾನ್ ಈ ಕಣಿವೆಯ ಹೆಸರಾಂತ ಕುದುರೆಗಾರ. ಒಂದು ಕುದುರೆಯೂ ಉಳಿಯದಿದ್ದಾಗ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ತಾವೊಬ್ಬರೇ ಉಳಿದಿದ್ದರು. ಕಳೆದ ತಿಂಗಳು ಲಾರಿ ಅಲ್ಲಿಗೆ ಹೋದಾಗ ಗುಡಾರದ ಕೊಳವೆಯಲ್ಲಿ ಹೊಗೆ ಇರಲಿಲ್ಲ. ಖಾಂದ್ಸುರೆನ್ ನೇರ ಕುದುರೆ ದೊಡ್ಡಿಗೆ ಓಡಿದರು. ಲುವ್ಸಾನ್ ನಿಲುವಂಗಿಯ ಗುಂಡಿ ಬಿಚ್ಚಿಕೊಂಡು, ಸತ್ತ ಬೀಜದ ಕುದುರೆಯ ಕೊರಳ ಮೇಲೆ ತಲೆಯಿಟ್ಟು ಮಲಗಿದ್ದರು. ಉಸಿರಿತ್ತು.

ಇಬ್ಬರೂ ಸೇರಿ ಗುಡಾರಕ್ಕೆ ಹೊತ್ತು ತಂದು, ಬೆರಣಿ ಉರಿ ಹಾಕಿ, ಕೈಕಾಲು ಉಜ್ಜಿದರು. ಬಹಳ ಹೊತ್ತಿನ ಮೇಲೆ ಲುವ್ಸಾನ್ ಕಣ್ಣು ಬಿಟ್ಟರು. ಆಡಿದ ಮೊದಲ ಮಾತೇ ಬೈಗುಳ.

“ಹೆಣ ಎತ್ತೋಕೆ ಬಂದೋಳು ನನ್ನ ಯಾಕೆ ಎಬ್ಬಿಸ್ದೆ?”

“ಲಾರಿ ತುಂಬಿದೆ ಅಣ್ಣ. ನಿಮಗೆ ಜಾಗ ಇಲ್ಲ.”

ಆ ಮನುಷ್ಯ ನಕ್ಕರೋ ಅತ್ತರೋ ತಿಳಿಯಲಿಲ್ಲವಂತೆ ಗೊಂಬೊಗೆ. ಆಮೇಲೆ ಖಾಂದ್ಸುರೆನ್ ಮಾಡಿದ್ದನ್ನು ನೋಡಿ ಮಾತ್ರ ಅವರ ಜೀವ ಬಾಯಿಗೆ ಬಂದಿತ್ತು. ತಮ್ಮ ಸೊಂಟದ ಚಾಕು ತೆಗೆದು ಲುವ್ಸಾನ್ ಕೈಗೇ ಕೊಟ್ಟುಬಿಟ್ಟರು.

ಯಾಕೆ ಕೊಟ್ಟಿರಿ ಎಂದು ಕೇಳಿದೆ. “ಕುದುರೆ ಮಣ್ಣಿಗೆ ಹೋಗೋ ಮುಂಚೆ ಜೂಲು ಕತ್ತರಿಸಿ ಇಟ್ಕೋಬೇಕು. ಅದನ್ನ ಯಜಮಾನನೇ ಮಾಡ್ಬೇಕು. ನಾನು ಮಾಡಿದ್ರೆ ಅವರು ಅಲ್ಲೇ ಸತ್ತುಹೋಗೋರು,” ಎಂದರು.

ಲುವ್ಸಾನ್ ತೆವಳಿಕೊಂಡೇ ಹೋಗಿ ಜೂಲಿನ ಒಂದು ಹಿಡಿ ಕತ್ತರಿಸಿ ಎದೆಯೊಳಗೆ ಇಟ್ಟುಕೊಂಡರು. ಚಾಕು ಹಿಂದಿರುಗಿಸಿದರು. ಕುದುರೆಯ ಕಾಲಿಗೆ ಹಗ್ಗವನ್ನು ತಾವೇ ಬಿಗಿದರು. ಅಂದು ಅವರನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಊರಿಗೆ, ಹೆಂಡತಿ ಮಕ್ಕಳ ಬಳಿಗೆ ತಂದು ಬಿಟ್ಟರು.

ಈಗ ಲುವ್ಸಾನ್ ಬೀದಿಯಲ್ಲಿ ಎದುರಾದರೂ ಖಾಂದ್ಸುರೆನ್ ಮುಖ ನೋಡುವುದಿಲ್ಲ. ಆ ದಿನ ನೆನಪಾಗುತ್ತದೆಯೇನೋ. ಇವರಿಗೆ ಬೇಸರವಿಲ್ಲ. “ಮಾತಾಡ್ಬೇಕು ಅಂತೇನಿಲ್ಲ. ನಡ್ಕೊಂಡು ಓಡಾಡ್ತಿದ್ದಾರಲ್ಲ.”

ಗುಂಡಿಗೆ ಕೊನೆಯ ಮಣ್ಣು ಬಿದ್ದ ಮೇಲೆ ಅವರು ಕೈಯನ್ನು ಹಿಮದಲ್ಲಿ ಉಜ್ಜಿ ತೊಳೆದುಕೊಳ್ಳುತ್ತಾರೆ. ಮುಂದೇನು ಎಂದು ಕೇಳುತ್ತೇನೆ. ಬೇಸಿಗೆಗೆ ನಾಲ್ಕು ಆಡು ಕಟ್ಟಬೇಕೆಂಬ ಆಸೆಯಂತೆ. ಮತ್ತೆ ಝುದ್ ಬಂದರೆ ಎಂಬ ಮಾತು ನನ್ನ ಬಾಯಿ ತಪ್ಪಿ ಬರುತ್ತದೆ.

ಅವರು ಹಾರೆಯನ್ನು ಹೆಗಲಿಗೇರಿಸುತ್ತಾರೆ. “ಸತ್ರೆ ಎತ್ತೋಕೆ ನಂಗೆ ಬರುತ್ತೆ. ಬದುಕಿದ್ರೆ ಹಾಲು ಕರೆಯೋಕೂ ಬರುತ್ತೆ. ಇನ್ನೂ ಮರ್ತಿಲ್ಲ.”