ನಾಗವೇಣಿಯ ಜೂನ್ ಒಂದು

ಕೋಲ್ಕತ್ತಕ್ಕೆ ಬಂದ ಎರಡನೇ ದಿನವೇ ನನ್ನ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಕೈಗೆ ಏನೂ ಆಗಿರಲಿಲ್ಲ. ಎಲುಬು ನೋಡಿದರೆ ವಯಸ್ಸು ಗೊತ್ತಾಗುತ್ತದಂತೆ, ಹದಿನೇಳು ದಾಟಿದ್ದರೆ ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಜಾಗವಿಲ್ಲವಂತೆ. ಕುರಿ ಸಂತೆಯಲ್ಲಿ ನಮ್ಮಪ್ಪ ಮರಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದದ್ದು ನೆನಪಾಯಿತು. ನಾನೂ ಸುಮ್ಮನೆ ಕೈ ಚಾಚಿ ನಿಂತೆ.

ನನ್ನ ಹಿಂದೆ ಸಾಲಿನಲ್ಲಿದ್ದವಳು ನಾಗವೇಣಿ. ನಾನು ರಾಯದುರ್ಗದ ಕಡೆ ಗುಮ್ಮಘಟ್ಟದವಳು, ಅವಳು ಮಡಕಶಿರಾ ಕಡೆ ರತ್ನಗಿರಿಯವಳು. ಅನಂತಪುರದ ತರಬೇತಿ ಶಿಬಿರದಲ್ಲಿ ಕ್ಲಬ್ಬಿನವರು ಆರಿಸಿದ್ದು ನಮ್ಮಿಬ್ಬರನ್ನೇ. ನನ್ನ ‘ಐತಿ’ಗೆ ಅವಳು ನಗುತ್ತಿದ್ದಳು, ಅವಳ ‘ಐತೆ’ಗೆ ನಾನು. ಊರಲ್ಲಿದ್ದಿದ್ದರೆ ಅವಳು ಯಾರೋ, ನಾನು ಯಾರೋ. ಹೌರಾ ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ಒಡಹುಟ್ಟಿದವರಂತೆ ಕೈ ಹಿಡಿದುಕೊಂಡಿದ್ದೆವು.

ನಮ್ಮ ಕಡೆ ಮೈದಾನವೆಂದರೆ ಜಾಲಿಮುಳ್ಳು. ಚೆಂಡು ಒಂದು ವಾರ ಬಾಳಿದರೆ ಹೆಚ್ಚು. ಇಲ್ಲಿ ಹುಲ್ಲು, ಹುಲ್ಲಿನ ಕೆಳಗೆ ನೀರು. ಓಡಿದರೆ ಕಾಲು ಜಾರುತ್ತಿತ್ತು. ಹಾಸ್ಟೆಲಿನಲ್ಲಿ ಎರಡು ಹೊತ್ತೂ ‘ಮಾಛ್’, ಅಂದರೆ ಮೀನು. ಮುಳ್ಳು ಗಂಟಲಿಗೆ ಸಿಕ್ಕೀತೆಂದು ನಾನು ಬರಿ ಅನ್ನ ತಿನ್ನುತ್ತಿದ್ದೆ. ನಾಗವೇಣಿ ತನ್ನ ತಟ್ಟೆ ಪಕ್ಕಕ್ಕಿಟ್ಟು ನನ್ನ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದಳು.

ಮೂರು ವಾರಕ್ಕೆ ಎಕ್ಸ್‌ರೇ ವರದಿ ಬಂತು. ನನ್ನದು ಸರಿ ಇತ್ತು. ನಾಗವೇಣಿಯದು ಹೀಗೂ ಹೇಳಬಹುದು, ಹಾಗೂ ಹೇಳಬಹುದು ಅನ್ನುವಂತಿತ್ತಂತೆ. ಕೋಚ್ ನನ್ನೊಬ್ಬಳನ್ನೇ ಕರೆದು, ಇಬ್ಬರ ಕಾಗದದಲ್ಲೂ ಹುಟ್ಟಿದ ದಿನ ಜೂನ್ ಒಂದು ಅಂತಿದೆಯಲ್ಲ, ಇದು ಹೇಗೆ ಎಂದು ಕೇಳಿದರು. ನನಗೆ ನಗು ಬಂತು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಎಲ್ಲರಿಗೂ ಅದನ್ನೇ ಬರೆಯುತ್ತಾರೆ, ಹುಟ್ಟಿದ ದಿನ ಯಾರ ಮನೆಯಲ್ಲಿ ನೆನಪಿರುತ್ತದೆ ಎಂದು ತಮಾಷೆಯಾಗಿ ಹೇಳಿಬಿಟ್ಟೆ. ನಾನು ಕುಳ್ಳಿ, ಅವಳು ಎತ್ತರದ ಆಳು. ಕಾಗದ ನಂಬುವಂತಿಲ್ಲವೆಂದು ಮೂರನೇ ದಿನ ಅವಳ ಕೈಗೆ ವಾಪಸು ಟಿಕೆಟ್ ಕೊಟ್ಟರು. ಸ್ಟೇಷನ್ನಿನವರೆಗೂ ಅವಳ ಬ್ಯಾಗು ಹೊತ್ತವಳು ನಾನೇ. ಕೋಚ್‌ಗೆ ಹೇಳಿದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಆರು ವರ್ಷವಾಯಿತು. ನಾಲ್ಕು ವರ್ಷ ಆಡಿದೆ, ಮಂಡಿ ಹೋಯಿತು. ಈಗ ಕ್ಲಬ್ಬಿನ ಪಾಡ್‌ಕಾಸ್ಟಿನಲ್ಲಿ ಕೆಲಸ. ಫೋನಿನಲ್ಲಿ ಕೇಳುವ ಮಾತುಕತೆ ಅದು: ಹೊಸ ಆಟಗಾರರನ್ನು ಹೇಗೆ ಹುಡುಕುತ್ತಾರೆ, ಹಳಬರು ಈಗ ಏನು ಮಾಡುತ್ತಿದ್ದಾರೆ ಅಂತ. ಮಾತಾಡಿಸುವವರು ತಪನ್‌ದಾ. ‘ದಾ’ ಅಂದರೆ ಅಣ್ಣ. ಧ್ವನಿ ಕತ್ತರಿಸಿ ಜೋಡಿಸುವವಳು ನಾನು. ಬಂಗಾಳಿ ಕಲಿತೆ. ಮೀನಿನ ಮುಳ್ಳನ್ನು ನಾಲಿಗೆಯಲ್ಲೇ ಬಿಡಿಸುತ್ತೇನೆ. ನಮ್ಮ ‘ಪಾಡಾ’ದ, ಅಂದರೆ ಓಣಿಯ, ಅಂಗಡಿಯವನು ಯಾವ ಊರು ಎಂದು ಕೇಳುವುದನ್ನು ಬಿಟ್ಟಿದ್ದಾನೆ. ಅದಕ್ಕೆ ಖುಷಿಪಡಬೇಕಿತ್ತು. ಖುಷಿಯಾಗಲಿ ದುಃಖವಾಗಲಿ ಅಷ್ಟಾಗಿ ಹತ್ತಿರ ಸುಳಿಯುವುದಿಲ್ಲ.

ಏಪ್ರಿಲ್ಲಿನಲ್ಲಿ ತಪನ್‌ದಾ ಹಳೆಯ ಪಟ್ಟಿಯಿಂದ ನಾಗವೇಣಿಯ ಹೆಸರು ಆರಿಸಿ ಫೋನ್ ಹಚ್ಚಿದರು. ಅನುವಾದಕ್ಕೆ ನಾನೇ ಕೂರಬೇಕಾಯಿತು. ಅವಳು ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಲೇ ಮಾತಾಡಿದಳು. ಭಾನುವಾರ ಊರ ಹುಡುಗಿಯರಿಗೆ ಆಟ ಹೇಳಿಕೊಡುತ್ತಾಳಂತೆ. ಕ್ಲಬ್ ಯಾಕೆ ಬಿಟ್ಟೆ ಎಂದು ತಪನ್‌ದಾ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

“ವಯಸ್ಸು ಸುಳ್ಳು ಅಂದ್ರು ಕಣೆ. ನಂದು ನಿಜವಾಗ್ಲೂ ಜೂನ್ ಒಂದೇ. ಮಡಕಶಿರಾ ಆಸ್ಪತ್ರೇಲಿ ಕೊಟ್ಟಿದ್ದ ಚೀಟಿ ನಮ್ಮಮ್ಮನ ಟ್ರಂಕ್‌ನಾಗೆ ಈಗ್ಲೂ ಐತೆ. ತೋರ್ಸು ಅಂತ ಯಾರೂ ಕೇಳ್ಲೇ ಇಲ್ಲ.”

ರೆಕಾರ್ಡಿಂಗ್ ನಡೆಯುತ್ತಲೇ ಇತ್ತು. “ನಾಗವೇಣಿ, ನಮ್ ಕಡಿ ಎಲ್ಲಾರಿಗೂ ಜೂನ್ ಒಂದಽ ಬರೀತಾರ ಅಂತ ಹೇಳಿದಾಕಿ ನಾನಽ,” ಅಂದೆ.

ಆ ಕಡೆ ಹಾರನ್ ಕೇಳಿಸಿತು. “ಬಸ್ ಬಂತು. ಲೇಟಾದ್ರೆ ಗೇಟ್ ಹಾಕ್ತಾರೆ. ಇಡ್ತೀನಿ,” ಅಂದಳು.

ತಪನ್‌ದಾಗೆ ಬಂಗಾಳಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ತಲೆ ಕೆರೆದುಕೊಂಡು, ಕ್ಲಬ್ಬಿಗೆ ಕೆಟ್ಟ ಹೆಸರು, ತೆಗೆದುಬಿಡು ಅಂದರು. ನಾನು ಬಂಗಾಳಿಯಲ್ಲಿ ಹೇಳಿದ್ದನ್ನು ತೆಗೆದೆ, ಕನ್ನಡದ ಮಾತನ್ನು ಹಾಗೇ ಉಳಿಸಿದೆ. ಇಬ್ಬರು ಗೆಳತಿಯರ ಹರಟೆ ಚೆನ್ನಾಗಿದೆ ಎಂದು ಇಲ್ಲಿನ ಕೇಳುಗರು ಬರೆದರು. ಕನ್ನಡ ಬಲ್ಲ ನಿಮಗಾದರೆ ಅರ್ಥವಾಗುತ್ತದೆ ಎಂದು ಇದನ್ನೆಲ್ಲ ಬರೆಯುತ್ತಿದ್ದೇನೆ. ಅವಳಿಗೆ ಆಮೇಲೆ ಎಷ್ಟೋ ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ನಾನು ಹುಟ್ಟಿದ್ದು ಮಳೆಗಾಲ ಮುಗಿದು ಶೇಂಗಾ ಕೀಳುವ ಕಾಲಕ್ಕೆ ಅನ್ನುತ್ತಾಳೆ ಅವ್ವ. ತಾರೀಖು ಅವಳಿಗೂ ಗೊತ್ತಿಲ್ಲ. ಈ ಊರಿನಲ್ಲಿ ನನ್ನನ್ನು ನಿಲ್ಲಿಸಿದ ತಾರೀಖು ನಾಗವೇಣಿಯದು. ಊರಿಗೆ ಹೋದರೆ ಅವಳ ಮುಂದೆ ನಿಲ್ಲಬೇಕು, ಇಲ್ಲೇ ಇದ್ದರೆ ಅವಳ ದಿನ ಆಚರಿಸಿಕೊಳ್ಳಬೇಕು. ಜೂನ್ ಒಂದಕ್ಕೆ ಕ್ಲಬ್ಬಿನವರು ಪ್ರತಿ ವರ್ಷದಂತೆ ಕೇಕ್ ತಂದು, ನನ್ನ ಹೆಸರು ಬರೆಸಿ, ಸುತ್ತ ನಿಂತು ಹಾಡಿದರು. ನಾನು ಮೇಣದಬತ್ತಿ ಊದಿ ಒಂದು ತುಂಡು ತಿಂದೆ.